ನಾಲ್ಕನೇ ನೀರು

ಲೊಗ್ರೊನ್ಯೊ,
೧೩ ಅಕ್ಟೋಬರ್ ೧೯೯೬, ಭಾನುವಾರ ಮಧ್ಯಾಹ್ನ

ನೀವೆಸ್ ಅಕ್ಕನಿಗೆ,

ಮೊದಲು ತಪ್ಪೊಪ್ಪಿಗೆ. ಆಗಸ್ಟಿನಲ್ಲಿ ನೀನು ಬರೆದ ಕಾಗದಕ್ಕೂ ಸೆಪ್ಟೆಂಬರಿನಲ್ಲಿ ಬಾದಾಮಿ ಬಿಲ್ಲೆಗಳ ಡಬ್ಬಿಯೊಳಗಿಟ್ಟಿದ್ದ ಚೀಟಿಗೂ ನಾನು ಉತ್ತರ ಬರೆಯಲಿಲ್ಲ. ಹಬ್ಬದ ಗದ್ದಲವಿತ್ತು, ದ್ರಾಕ್ಷಿ ಕೊಯ್ಲಿನ ಜನ ಊರು ತುಂಬಿದ್ದರು ಎಂದು ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ಕಂಡವರ ನೆಪ ಕೇಳಿ ಕೇಳಿ ನನ್ನ ಕಿವಿ ಈಗಾಗಲೇ ಹುಳಿತುಹೋಗಿದೆ. ನಿನ್ನ ಮಂಡಿನೋವು ಇಳಿದಿದೆಯೆಂದೂ ಮಠದ ತಣ್ಣನೆಯ ಕಲ್ಲಿನ ಮೇಲೆ ನೀನು ಮೊದಲಿನಷ್ಟು ಹೊತ್ತು ಮಂಡಿಯೂರುತ್ತಿಲ್ಲವೆಂದೂ ನಂಬಿದ್ದೇನೆ. ನೀನು ಕ್ಷೇಮವಾಗಿರು. ನಾನು ಕ್ಷೇಮವಾಗಿಲ್ಲ. ಸಿಟ್ಟಿನಲ್ಲಿದ್ದೇನೆ. ಈ ಕಾಗದವನ್ನು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಓದು. ಮೊದಲೇ ಓದಿದರೆ ಪ್ರಾರ್ಥನೆ ಕೆಟ್ಟೀತು.

ಚರ್ಚಿನಲ್ಲಿ ಪೂಜೆ ಮುಗಿದು ಜನ ಹೊರಬೀಳುವ ಹೊತ್ತು ಇದು. ಬೀದಿಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತು ಕುಡಿಯುವ, ನಗುವ ಸದ್ದು ನನ್ನ ಕಿಟಕಿಯವರೆಗೆ ಏರಿ ಬರುತ್ತಿದೆ. ಆದರೆ ಕೆಳಗೆ ನಮ್ಮ ಬಾರಿನ ಕಬ್ಬಿಣದ ಬಾಗಿಲು ಎಳೆದಿದೆ. ಎಳೆದವನು ನಾನೇ. ಇವತ್ತಿಗೆ ಹದಿನಾಲ್ಕು ದಿನ. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆಯೇ ತೆರೆದ ಬಾಗಿಲು ಅದು, ಅಕ್ಕ. ನನ್ನ ಕಾಸಿಲ್ದಾ ಮಾರ್ಚಿನಲ್ಲಿ ಹೋದಾಗಲೂ ಮೂರೇ ದಿನ ಮುಚ್ಚಿದ್ದೆ. ಹದಿನಾಲ್ಕು ದಿನ ಮುಚ್ಚುವುದಕ್ಕೆ ಯಾರು ಸತ್ತರು ಎಂದು ಕೇಳುತ್ತೀಯಲ್ಲವೆ? ಕೇಳು. ಹೇಳುತ್ತೇನೆ.

ನೀನು ಈ ಬೀದಿ ಬಿಟ್ಟು ಮಠ ಸೇರಿ ಐವತ್ತು ವರ್ಷವಾಯಿತು. ಆದರೂ ಬೀದಿಯ ಧರ್ಮ ಮರೆತಿರಲಾರೆ. ಒಂದು ಅಂಗಡಿಗೆ ಒಂದೇ ತಿನಿಸು. ಅಣಬೆ ಮಾಡುವವನು ಅಣಬೆ ಮಾತ್ರ ಮಾಡಬೇಕು. ಪಕ್ಕದ ಉರ್ಸುಲಾ ಹಂದಿಯ ಕಿವಿ ಹುರಿಯುತ್ತಾಳೆ, ಹುರಿದುಕೊಳ್ಳಲಿ. ನಮ್ಮಲ್ಲಿ ಉಪ್ಪುಮೀನು, ಕೆಂಪು ಮೆಣಸಿನ ಗೊಜ್ಜಿನಲ್ಲಿ ಬೆಂದು, ಬ್ರೆಡ್ಡಿನ ತುಂಡಿನ ಮೇಲೆ ಕೂತು, ಮೇಲೊಂದು ಕಡ್ಡಿ ಚುಚ್ಚಿಸಿಕೊಂಡು ಬರುವ ಉಪ್ಪುಮೀನು. ಒಬ್ಬರ ಪಾತ್ರೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಎರಡನೆಯ ಧರ್ಮ ಗಿರಾಕಿಗಳದು. ಗೆಳೆಯರ ಪಟಾಲಮ್ಮು ಬೀದಿಯ ಈ ತುದಿಯಿಂದ ಹೊರಟರೆ ಪ್ರತಿಯೊಂದು ಬಾಗಿಲಿಗೂ ನುಗ್ಗಬೇಕು, ಒಂದು ತುಂಡು ತಿನ್ನಬೇಕು, ಒಂದು ಗ್ಲಾಸ್ ವೈನ್ ಕುಡಿಯಬೇಕು, ಮುಂದಕ್ಕೆ ಹೋಗಬೇಕು. ಒಂದು ಬಾಗಿಲಿಗೆ ನುಗ್ಗದೆ ದಾಟಿಕೊಂಡು ಹೋದರೆ? ಅದು ಮುಖಕ್ಕೆ ಉಗಿದಂತೆ. ಅಜ್ಜನ ಕಾಲದಲ್ಲಿ ಒಬ್ಬ ಹಾಗೆ ದಾಟಿ ಹೋದನೆಂದು ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದೇ ನಿಂತುಹೋಗಿತ್ತಲ್ಲ.

ನನ್ನ ಬಾಗಿಲನ್ನು ದಾಟಿ ಹೋದರು, ಅಕ್ಕ. ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಭಾನುವಾರ, ಒಂದೂವರೆ ಗಂಟೆ, ನೆತ್ತಿಯ ಮೇಲೆ ಸೂರ್ಯ ಸಾಕ್ಷಿ. ದಾಟಿದವರು ಯಾರೋ ದಾರಿಹೋಕರಲ್ಲ. ನನ್ನ ಪಟಾಲಮ್ಮು. ಹೆರ್ವಾಸಿಯೊ ಮತ್ತು ತಿರ್ಸೊ. ಹೆರ್ವಾಸಿಯೊ ನಿನಗೆ ಗೊತ್ತು: ಪೀಪಾಯಿ ಕಟ್ಟುವವರ ಮಗ, ಚರ್ಚಿನ ಹಿಂದಿನ ಸಭಾಂಗಣದಲ್ಲಿ ನಾವು ನಾಟಕ ಆಡುತ್ತಿದ್ದಾಗ ನಾನು ರಾಜನಾದರೆ ಅವನು ಮಂತ್ರಿ, ನಾನು ಖಳನಾದರೆ ಅವನು ನನ್ನಿಂದ ಇರಿತ ತಿಂದು ಸಾಯುವವನು. ತಿರ್ಸೊ ದ್ರಾಕ್ಷಿ ಬಳ್ಳಿ ಸವರುವವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಐವತ್ತು ವರ್ಷ ಈ ಇಬ್ಬರೂ ನನ್ನ ಬಾರಿನ ಕಟ್ಟೆಗೆ ಮೊಣಕೈ ಊರದ ಭಾನುವಾರವಿಲ್ಲ. ಆವತ್ತು ಉರ್ಸುಲಾಳ ಅಂಗಡಿಯಿಂದ ಹೊರಬಿದ್ದರು, ನನ್ನ ಬಾಗಿಲ ಮುಂದೆ ಬಂದರು, ಹೆರ್ವಾಸಿಯೊ ಚಪ್ಪಲಿಯ ಬಾರು ನೋಡಿಕೊಳ್ಳುವವನಂತೆ ತಲೆ ತಗ್ಗಿಸಿದ, ತಿರ್ಸೊ ಆಕಾಶ ನೋಡಿದ, ಇಬ್ಬರೂ ಎದುರಿನ ಅಣಬೆ ಅಂಗಡಿಗೆ ನುಗ್ಗಿದರು.

ನಾನು ಸುಮ್ಮನಿದ್ದೆನೆಂದು ತಿಳಿದೆಯಾ? ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿದ್ದೆ, ಅದನ್ನು ಹಾಗೇ ಬಿಟ್ಟು, ಏಪ್ರನ್ ಕಟ್ಟಿಕೊಂಡೇ ಬೀದಿಗೆ ಇಳಿದೆ. ಇಳಿದು ಕರೆದೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ಆಗ ಸಭಾಂಗಣದ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದದ್ದು ಈಗ ಬೀದಿಯ ಕೊನೆಯ ಬಾಗಿಲಿಗೆ ಕೇಳಿಸಿತು. ಜನ ಗ್ಲಾಸು ಹಿಡಿದೇ ಹಿಂದೆ ಸರಿದು ದಾರಿ ಬಿಟ್ಟರು.

"ಹೆರ್ವಾಸಿಯೊ, ನನ್ನ ಬಾಗಿಲಲ್ಲಿ ಹೆಣ ಏನಾದ್ರೂ ಮಲಗಿತ್ತೇನೋ, ದಾಟ್ಕೊಂಡು ಹೋದ್ಯಲ್ಲ?"

ಅವನು ಬಾಯಲ್ಲಿದ್ದ ಅಣಬೆಯನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಆಮೇಲೆ ನೆಪ ಶುರು ಮಾಡಿದ. ಡಾಕ್ಟರು ರಕ್ತದೊತ್ತಡ ಅಂದಿದ್ದಾರೆ, ಮಗಳು ಹದ್ದಿನ ಹಾಗೆ ಕಾಯುತ್ತಾಳೆ, ಉಪ್ಪು ಮುಟ್ಟಬಾರದು ಅಂದಿದ್ದಾಳೆ, ಮುಂದಿನ ವಾರ ಖಂಡಿತ ಎಂದ. ಅಣಬೆಗೆ ಉಪ್ಪಿಲ್ಲವೇ? ಹಂದಿಯ ಕಿವಿಯೇನು ಸಕ್ಕರೆ ಪಾಕದಲ್ಲಿ ಅದ್ದಿದ್ದೇ? ಹಾಗೆಂದು ಕೇಳಿದೆ. ಇಬ್ಬರ ರಟ್ಟೆಯನ್ನೂ ಹಿಡಿದು ನನ್ನ ಅಂಗಡಿಯೊಳಕ್ಕೆ ಎಳೆದು ತಂದೆ. ಅರ್ಧ ಬೀದಿ ಹಿಂದೆಯೇ ಬಂತು; ನಾಟಕವೆಂದರೆ ನಮ್ಮವರಿಗೆ ಊಟಕ್ಕಿಂತ ಹೆಚ್ಚು. ಎರಡು ತುಂಡು ಬಡಿಸಿ ಕಟ್ಟೆಯ ಮೇಲಿಟ್ಟೆ. ತಿನ್ನಿ ಎಂದೆ.

ಹೆರ್ವಾಸಿಯೊ ತಿಂದ, ಅಕ್ಕ. ಕಣ್ಣಲ್ಲಿ ನೀರು ಬರುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಆದರೂ ತಿಂದ. ತಿಂದು, ಏಳು ತಿಂಗಳಿಂದ ಪ್ರತಿ ಭಾನುವಾರ ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿದ: "ಯಾವಾಗ್ಲೂ ಇರೋ ಹಾಗೇ ಇದೆ ಕಣೋ." ಎರಡನೆಯ ತುಂಡಿಗೆ ಕೈ ಚಾಚಿದ. ಆಗ ತಿರ್ಸೊ ಆ ಕೈಯನ್ನು ಹಿಡಿದು ಕಟ್ಟೆಗೆ ಒತ್ತಿದ. ದಿನಕ್ಕೆ ಹತ್ತು ಮಾತಿನವನು ಆವತ್ತಿನ ಪಾಲನ್ನೆಲ್ಲ ಒಂದೇ ಸಲ ಖರ್ಚು ಮಾಡಿದ.

"ಸಾಕು ಬಿಡೋ. ಹೋದ ವಾರ ಇವನು ಮೆಟ್ಟಿಲ ಮೇಲೆ ಕುಸಿದು ಬಿದ್ದ, ಸೆಲೆದೋನಿಯೊ. ನಿನ್ನ ಮೀನು ಇವನನ್ನ ಕೊಲ್ತಾ ಇದೆ."

ನಗು ಬಂತು ನನಗೆ. ಮೀನು ಕೊಲ್ಲುತ್ತದಂತೆ. ಅಷ್ಟರಲ್ಲಿ ಉರ್ಸುಲಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು, ಆ ಎರಡನೆಯ ತುಂಡಿನಿಂದ ಒಂದೇ ಒಂದು ಎಳೆ ಕಿತ್ತು ಬಾಯಿಗಿಟ್ಟುಕೊಂಡಳು, ಮರುಕ್ಷಣವೇ ಕೈ ಒರೆಸುವ ಕಾಗದದ ಚೌಕಕ್ಕೆ ಉಗಿದಳು. ನನ್ನ ಕಟ್ಟೆಯ ಮೇಲೆ. ನನ್ನ ಮುಂದೆ. ಕಿವಿ ಹುರಿಯುವವಳು. ನಾನು ಬಾಯಿ ತೆರೆದಿದ್ದೆ, ಬಯ್ಯಲೆಂದೇ ತೆರೆದಿದ್ದೆ, ಆದರೆ ಅವಳು ಕೈಯೆತ್ತಿ ತಡೆದಳು. ಬಯ್ಯುವವಳ ಮುಖವಲ್ಲ ಅದು.

"ಸೆಲೆ, ಒಳಗೆ ಏನಾಗ್ತಿದೆ ಹೇಳು ನೋಡೋಣ."

ಏನೂ ಆಗುತ್ತಿಲ್ಲ ಎಂದೆ.

"ಬೆಳ್ಳುಳ್ಳಿ ಸೀದು ಇದ್ದಿಲಾಗ್ತಿದೆ ಕಣಪ್ಪಾ. ಬೀದಿಗೆಲ್ಲಾ ವಾಸನೆ ಬಡೀತಿದೆ. ನೀನು ಅಡುಗೆಮನೆ ಬಾಗಿಲಲ್ಲೇ ನಿಂತಿದೀಯ."

ತಿರುಗಿ ನೋಡಿದೆ. ಅಡುಗೆಮನೆಯ ಪರದೆಯ ಸಂದಿಯಿಂದ ಕರಿ ಹೊಗೆ ಹಾವಿನಂತೆ ತೆವಳಿ ಬರುತ್ತಿತ್ತು. ಜನರೆಲ್ಲ ಮೂಗು ಮುಚ್ಚಿಕೊಂಡಿದ್ದರು. ನಾನು ಉಸಿರು ಎಳೆದೆ. ಇನ್ನೊಮ್ಮೆ ಎಳೆದೆ, ಎದೆ ಬಿರಿಯುವಷ್ಟು. ಏನೂ ಇಲ್ಲ, ಅಕ್ಕ. ಬಾವಿಗೆ ಕೊಡ ಬಿಟ್ಟರೆ ಬರಿಯ ಹಗ್ಗ ಮೇಲೆ ಬಂದ ಹಾಗೆ.

ಹೌದು, ರುಚಿ ಸಪ್ಪೆಯಾಗಿದೆ ಎಂದು ನನಗೂ ಅನಿಸುತ್ತಿತ್ತು. ಏಳು ವರ್ಷದ ಹಿಂದಿನ ಆ ಚಳಿಗಾಲದ ಜ್ವರ ನೆನಪಿದೆಯಾ, ನೀನು ನನಗಾಗಿ ಒಂಬತ್ತು ದಿನ ಪ್ರಾರ್ಥನೆ ಹಿಡಿದೆಯಲ್ಲ, ಆವತ್ತಿನಿಂದ. ಆದರೆ ನನ್ನ ಮೂಗನ್ನೋ ನಾಲಿಗೆಯನ್ನೋ ಸಂಶಯಿಸುವವನೇ ನಾನು? ಲೋಕವನ್ನು ಸಂಶಯಿಸಿದೆ. ಈಗಿನ ಮೀನಿಗೆ ಸಮುದ್ರವೇ ಗೊತ್ತಿಲ್ಲ ಎಂದೆ. ಈಗಿನ ಉಪ್ಪಿನಲ್ಲಿ ಉಪ್ಪಿಲ್ಲ ಎಂದೆ. ಈಗಿನ ವೈನು ಮೂಗಿಗೆ ಏರುವುದೇ ಇಲ್ಲ, ದ್ರಾಕ್ಷಿ ತೋಟದವರೆಲ್ಲ ಸೋಮಾರಿಗಳಾದರು ಎಂದು ತಿರ್ಸೊನ ಮುಖಕ್ಕೇ ಹೇಳಿದೆ. ಬೇಸಿಗೆಯಲ್ಲಿ ಹೊರಗಿನಿಂದ ಬಂದ ಗಂಡ ಹೆಂಡತಿ ಒಂದು ತುತ್ತು ತಿಂದು ನೀರು ಕೇಳಿದರು. ನೀರು ಬೇಕಾದರೆ ಎಬ್ರೋ ನದಿ ಆ ಕಡೆ ಇದೆ ಎಂದು ಬಾಗಿಲು ತೋರಿಸಿದೆ. ಈ ವರ್ಷ ಒಂದು ತುಂಡಿಗೆ ಎರಡೆರಡು ಗ್ಲಾಸು ಕುಡಿಯುತ್ತಿದ್ದಾರಲ್ಲ, ನನ್ನ ಕೈರುಚಿ ಹೆಚ್ಚಿದೆ ಎಂದು ಬೀಗಿದೆ. ಉಪ್ಪು ತಿಂದವರು ನೀರು ಕುಡಿಯುತ್ತಿದ್ದರು, ಅಕ್ಕ, ಅಷ್ಟೇ. ನನ್ನ ಗೆಳೆಯರು ನೀರಿಗಾಗಿ ನನ್ನ ವೈನು ಕುಡಿಯುತ್ತಿದ್ದರು.

ಜನರನ್ನು ಹೊರಗಟ್ಟಿ ಬಾಗಿಲು ಎಳೆದೆ. ಇವರು ಮೂವರು ಮಾತ್ರ ಒಳಗೆ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಹೆರ್ವಾಸಿಯೊ ನೀರು ಕುಡಿಯುತ್ತಲೇ ಇದ್ದ. ಮೂರನೆಯ ಲೋಟ ಇಳಿಸಿ ಹೇಳಿದ. ಮಾರ್ಚಿನಲ್ಲಿ, ಕಾಸಿಲ್ದಾ ಹಾಸಿಗೆ ಹಿಡಿದಿದ್ದಾಗ, ನಾನು ಔಷಧಿ ತರಲು ಹೋದ ಒಂದು ಮಧ್ಯಾಹ್ನ ಅವಳು ಅವನನ್ನೂ ತಿರ್ಸೊನನ್ನೂ ಹತ್ತಿರ ಕೂರಿಸಿಕೊಂಡಳಂತೆ. ಅಪ್ಪನ ಲೆಕ್ಕ ನಿನಗೆ ಗೊತ್ತು: ಉಪ್ಪುಮೀನಿನ ಉಪ್ಪು ಬಿಡಿಸಲು ಎರಡು ದಿನ ನೆನೆಹಾಕಿ ನಾಲ್ಕು ನೀರು ಬದಲಿಸಬೇಕು, ಪ್ರತಿ ನೀರಿಗೂ ಹಸಿ ಮೀನಿನ ಒಂದು ಎಳೆ ಕಿತ್ತು ನಾಲಿಗೆಯ ಮೇಲಿಟ್ಟು ಕೇಳಬೇಕು. ನಾನು ಜ್ವರದಿಂದೆದ್ದ ಮೇಲೆ ಎರಡನೇ ನೀರಿಗೇ ಸಾಕು, ಸಪ್ಪೆಯಾಗಿದೆ ಎಂದು ನಿಲ್ಲಿಸುತ್ತಿದ್ದೆನಂತೆ. ಮೂರನೆಯದನ್ನೂ ನಾಲ್ಕನೆಯದನ್ನೂ ಅವಳು ನಾನು ಏಳುವ ಮುಂಚೆ ಇಳಿದು ಬಂದು ಬದಲಿಸುತ್ತಿದ್ದಳಂತೆ. ಗೊಜ್ಜಿಗೆ ನಾನು ಸುರಿದ ಉಪ್ಪಿಗೆ ಸಮನಾಗಿ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಗೊಜ್ಜು ಮಾಡಿ ಬೆರೆಸುತ್ತಿದ್ದಳಂತೆ. ಏಳು ವರ್ಷ.

"ಅವನಿಗೆ ಹೇಳಬೇಡ್ರಪ್ಪಾ ಅಂದ್ಳು," ಎಂದ ಹೆರ್ವಾಸಿಯೊ. "ಆ ಮೀನು ಹೋದ್ರೆ ಅವನೂ ಹೋಗ್ತಾನೆ, ನೀವು ಹೇಗಾದ್ರೂ ತಿಂದ್ಬಿಡಿ ಅಂದ್ಳು. ಸಾಯೋಳು ಕೇಳಿದ್ಲು. ಹ್ಞೂ ಅಂದ್ವಿ."

ಹ್ಞೂ ಅಂದರಂತೆ! ನೀನೇ ಹೇಳು, ನ್ಯಾಯವೇ ಇದು? ಐವತ್ತು ವರ್ಷ ನಾನು ಮುಂದೆ ನಿಂತು ಆಡಿದವನು. ನನ್ನ ಬೆನ್ನ ಹಿಂದೆ ನನ್ನ ಹೆಂಡತಿ, ನನ್ನ ಗೆಳೆಯರು, ಸತ್ತವಳು ಬದುಕಿದವರು ಎಲ್ಲರೂ ಸೇರಿ ನಾಟಕ ಕಟ್ಟಿ ಆಡಿದರು, ಅದಕ್ಕೆ ಇದ್ದ ಪ್ರೇಕ್ಷಕ ನಾನೊಬ್ಬನೇ. ಬೀದಿಗೆಲ್ಲ ಗೊತ್ತು. ಉರ್ಸುಲಾಗೆ ಗೊತ್ತು. ನನ್ನ ಬಾಗಿಲು ತೊಳೆಯುವ ಮುದುಕಿಗೂ ಗೊತ್ತು. ನೆಲಕ್ಕೆ ಬಿದ್ದ ತುಂಡುಗಳನ್ನು ಬೀದಿನಾಯಿ ಮೂಸಿ ಬಿಟ್ಟು ಹೋಗುತ್ತಿತ್ತಂತೆ, ನಾಯಿಗೂ ಗೊತ್ತು. ಇವರದು ಪ್ರೀತಿಯಂತೆ. ಬೆಂಕಿ ಹಾಕು ಆ ಪ್ರೀತಿಗೆ. ಒಬ್ಬನು ಬೆತ್ತಲೆಯಾಗಿ ಬೀದಿಯಲ್ಲಿ ನಡೆಯುತ್ತಿದ್ದರೆ ಒಂದು ಪಂಚೆ ಎಸೆಯಬೇಕೋ, ನಿನ್ನ ಅಂಗಿ ಚೆನ್ನಾಗಿದೆ ಎನ್ನಬೇಕೋ? ನಾನು ಆ ಮೂವರಿಗೂ ಏನೇನು ಅಂದೆನೋ ಅದನ್ನು ಮಠಕ್ಕೆ ಹೋಗುವ ಕಾಗದದಲ್ಲಿ ಬರೆಯಲಾರೆ. ಹೆರ್ವಾಸಿಯೊ ತಲೆ ತಗ್ಗಿಸಿ ಎಲ್ಲವನ್ನೂ ತಿಂದ, ಮೀನು ತಿಂದ ಹಾಗೆಯೇ.

ಉರ್ಸುಲಾ ಮಾತ್ರ ಹೋಗಲಿಲ್ಲ. ಅವಳು ಅರವತ್ತರ ವಿಧವೆ, ನಮ್ಮ ಗೋಡೆಗೂ ಅವಳ ಗೋಡೆಗೂ ನಡುವೆ ಒಂದೇ ಇಟ್ಟಿಗೆ. ಬಾಣಲೆಯನ್ನು ಉಜ್ಜಿ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ, ನಾಳೆಯಿಂದ ದಿನಾ ಬೆಳಗ್ಗೆ ಒಂದು ಗಳಿಗೆ ಬಂದು ಹೋಗುತ್ತೇನೆ ಎಂದಳು. ಎಳೆ ಕಿತ್ತು ನೋಡಿ ಹೇಳುತ್ತೇನೆ, ಮೀನು ನಿನ್ನದೇ, ಕೈ ನಿನ್ನದೇ, ನಾಲಿಗೆ ಮಾತ್ರ ನನ್ನದು ಎಂದಳು. ಇನ್ನೊಬ್ಬರ ಪಾತ್ರೆಗೆ ಕೈ ಹಾಕುವ ಮಾತು! ನಮ್ಮ ಬೀದಿಯಲ್ಲಿ, ನಮ್ಮ ಅಪ್ಪನ ಅಂಗಡಿಯಲ್ಲಿ! ಹೊರಗೆ ನಡೆ ಎಂದೆ. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ಅವಳ ನಾಲಿಗೇಲಿ ಏಳು ವರ್ಷ ಬದುಕಿದೀಯ, ಆಗ ನಿನ್ನ ಅಪ್ಪನ ಅಂಗಡಿ ಬಿದ್ದುಹೋಗ್ಲಿಲ್ಲ," ಎಂದಳು. ಆ ಮಾತಿಗೆ ಉತ್ತರ ಹುಡುಕುತ್ತ ಹದಿನಾಲ್ಕು ದಿನ ಮೇಲೆ ಕೂತಿದ್ದೇನೆ. ಸಿಕ್ಕಿಲ್ಲ. ಸಿಗದಿದ್ದಷ್ಟೂ ಸಿಟ್ಟು ಏರುತ್ತಿದೆ.

ಹೆರ್ವಾಸಿಯೊ ದಿನಾ ಹನ್ನೊಂದಕ್ಕೆ ಬರುತ್ತಾನೆ. ಕೂಗುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಎಳೆದ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಗಂಟೆ ನಿಂತು ಹೋಗುತ್ತಾನೆ. ದಾಟಿ ಹೋಗಲಿಲ್ಲ ಎಂದು ಬೀದಿಗೆ ತೋರಿಸುವುದಕ್ಕೆ. ನಾನು ಕಿಟಕಿಯಿಂದ ಅವನ ಬೋಳುತಲೆ ನೋಡುತ್ತೇನೆ. ನೀರು ಸುರಿದುಬಿಡೋಣ ಅನಿಸುತ್ತದೆ. ಸುರಿದಿಲ್ಲ. ಕ್ಷಮಿಸಿದ್ದೇನೆಂದು ತಿಳಿಯಬೇಡ. ಅವನಿಗೆ ರಕ್ತದೊತ್ತಡ ಇದೆ ಎಂದು ಅಷ್ಟೇ.

ನನಗೆ ನಿನ್ನ ಬುದ್ಧಿಮಾತು ಬೇಡ, ಅಕ್ಕ. ಕ್ಷಮೆ ದೊಡ್ಡದು ಎಂದು ಬರೆಯಬೇಡ. ಕ್ಷಮೆಯ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಬಾದಾಮಿ ಬಿಲ್ಲೆಗಳನ್ನು ಸಾಲಾಗಿ ಎಲ್ಲ ತಿಂದೆ. ರುಚಿ ಹೇಗಿತ್ತು ಎಂದು ಕೇಳಬೇಡ. ಮೆತ್ತಗಿದ್ದವು. ನಿನ್ನ ಮಠದ ಸೋದರಿಯರಿಗೆಲ್ಲ ದೇವರು ಬೆಚ್ಚನೆಯ ಚಳಿಗಾಲ ಕೊಡಲಿ, ನಿನ್ನ ಮಂಡಿಗೆ ಬಲ ಕೊಡಲಿ. ಮಠದ ಕಂಬಿಯ ಆ ಕಡೆಯಿಂದಲೇ ಆದರೂ ನಿನ್ನ ಕೈ ನನ್ನ ತಲೆಯ ಮೇಲಿರಲಿ, ಅದು ಎಷ್ಟೇ ಸಿಟ್ಟಿನ ತಲೆಯಾದರೂ.

ನಿನ್ನ ತಮ್ಮ,
ಸೆಲೆದೋನಿಯೊ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಅಷ್ಟು ಗರ್ಜಿಸಿದವನು ಒಂದು ಮಾತನ್ನು ಬಿಟ್ಟಿದ್ದೆ. ಜ್ವರ ಬಂದ ಆ ವರ್ಷದ ಸಂತ ಮತ್ತಾಯನ ಹಬ್ಬ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಸಾಕೆಂದ ಮೇಲೂ ಕಾಸಿಲ್ದಾ ಒಳಗೆ ಮೀನಿನ ನೀರು ಚೆಲ್ಲುತ್ತಿದ್ದುದನ್ನು ಕಂಡೆ. ಮೀನಿನ ಜೀವ ತೆಗೆಯುತ್ತೀಯಾ ಎಂದು ಪಾತ್ರೆ ಕಿತ್ತುಕೊಂಡೆ, ಆ ನೀರೆಲ್ಲ ಅವಳ ಎದೆಯ ಮೇಲೆ ಚೆಲ್ಲಿತು. ಅವಳ ಕೈ ಹಿಡಿದು ಕಟ್ಟೆಯವರೆಗೆ ಎಳೆದು ತಂದು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಮನೇಲಿ ನಾಲಿಗೆ ಒಂದೇ. ಅದು ನಂದು." ಜನ ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ಚಪ್ಪಾಳೆ ಸ್ವೀಕರಿಸಿದೆ, ಅಕ್ಕ. ಅವಳು ಒದ್ದೆ ಬಟ್ಟೆಯಲ್ಲೇ ನಿಂತು, "ಅಪ್ಪಣೆ ಮಹಾಪ್ರಭು," ಎಂದು ನಕ್ಕಳು. ಮಾರನೆಯ ದಿನದಿಂದ ಅವಳು ನನಗಿಂತ ಒಂದು ಗಂಟೆ ಮುಂಚೆ ಏಳತೊಡಗಿದಳು. ವಯಸ್ಸಾಯಿತು, ನಿದ್ದೆ ಬರುವುದಿಲ್ಲ ಎಂದಳು. ನಾನು ನಂಬಿ ಮಗ್ಗುಲು ಬದಲಿಸಿ ಮಲಗಿದೆ.

ಅವಳು ನಿನಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ನೀನು ಯಾವುದನ್ನೂ ಎಸೆಯುವವಳಲ್ಲ. ಆ ವರ್ಷದ ಸೆಪ್ಟೆಂಬರಿನದನ್ನು ಹುಡುಕು. ಆ ದಿನದ ಬಗ್ಗೆ ಏನಾದರೂ ಬರೆದಿದ್ದರೆ ಆ ಸಾಲನ್ನು ಮಾತ್ರ ನಕಲು ಮಾಡಿ ಕಳಿಸು. ಬೈದಿದ್ದರೂ ಪರವಾಗಿಲ್ಲ. ಬೈದಿದ್ದರೇ ಒಳ್ಳೆಯದು.

ನಿನ್ನೆ ಬೆಳಗ್ಗೆ ಒಂದು ಮೀನು ನೆನೆಹಾಕಿದ್ದೇನೆ. ಮೂರು ನೀರು ಆಗಿದೆ. ನಾಲ್ಕನೆಯದಕ್ಕೆ ಗೋಡೆ ಬಡಿದು ಉರ್ಸುಲಾಳನ್ನು ಕರೆಯಬೇಕು. ಕೈ ಎರಡು ಸಲ ಗೋಡೆಯವರೆಗೆ ಹೋಗಿ ಬಂತು.